ಬಾಗಿಲು, ಬಾಗಿಲು, ಬಾಗಿಲು

ನನಗೆ ಅನುಮಾನ ಜಾಸ್ತಿ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನಿಸುತ್ತದೆ. ನಗದಿದ್ದರೆ ಅದು ಖಾತ್ರಿಯಾಗುತ್ತದೆ. ಮನೆಯಲ್ಲಿ ಇದನ್ನು ರೋಗ ಅನ್ನುತ್ತಾರೆ, ನಾನು ಕಸುಬು ಅನ್ನುತ್ತೇನೆ. ಹೊಸೂರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಯಾವ ಹುಡುಗಿ ಯಾವ ಹುಡುಗಿಯ ಉತ್ತರ ನೋಡಿ ಬರೆದಳು ಎಂದು ಹಿಡಿಯುವುದಕ್ಕೆ ಒಂದು ದಾರಿಯಿದೆ. ಇಬ್ಬರೂ ಸರಿ ಬರೆದಿದ್ದರೆ ಏನೂ ಹೇಳುವ ಹಾಗಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದರೆ ಕಳ್ಳಿ ಸಿಕ್ಕಿದಳು. ಸರಿ ಎಲ್ಲರ ಕೈಯಲ್ಲೂ ಒಂದೇ ಥರ ಇರುತ್ತದೆ, ತಪ್ಪು ಮಾತ್ರ ಅವರವರದೇ. ಇದನ್ನು ನನಗೆ ಹೇಳಿಕೊಟ್ಟವರು ಅಪ್ಪ.

ಅಪ್ಪ ಕನ್ನಡ ಮೇಷ್ಟ್ರು, ಆಮೇಲೆ ಹೆಡ್‌ಮಾಸ್ಟರು, ಜೊತೆಗೆ ಕಾದಂಬರಿಕಾರರು. ತಮಿಳುನಾಡಿನಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತಾರೆ ಎಂದು ಬೆಂಗಳೂರಿನವರು ಆಗಾಗ ಕರೆದು ಶಾಲು ಹೊದಿಸಿ ಕಳಿಸುತ್ತಿದ್ದರು. ಶಾಲುಗಳನ್ನು ಅಮ್ಮ ಸಂಕ್ರಾಂತಿಗೆ ಬರುವ ನೆಂಟರಿಗೆ ಹಂಚುತ್ತಿದ್ದಳು. ಅಪ್ಪನ ಅಕ್ಷರ ಊರಿಗೇ ಹೆಸರುವಾಸಿ. ಕರಿಹಲಗೆಯ ಮೇಲೆ ಅವರು ಬರೆದದ್ದನ್ನು ಒರೆಸಲು ಮಕ್ಕಳಿಗೆ ಮನಸ್ಸು ಬರುತ್ತಿರಲಿಲ್ಲ.

ಅವರ ಕೊನೆಯ ದಿನಗಳು ಹೊಸೂರಿನ ಒಂದು ಆಸ್ಪತ್ರೆಯಲ್ಲಿ ಕಳೆದವು. ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. ಬಲಗೈ ಸ್ವಲ್ಪ ಆಡುತ್ತಿತ್ತು. ನರ್ಸ್ ಒಂದು ಪ್ಯಾಡು, ಪೆನ್ನು ಕೊಟ್ಟಳು. ಅಪ್ಪ ಏನೋ ಗೀಚಿದರು, ನನ್ನ ಮುಖ ನೋಡಿದರು, ಗೀಚಿದ್ದನ್ನು ಹೊಡೆದು ಹಾಕಿದರು. ಆಮೇಲೆ ಬರೆದರು: ಬಾಗಿಲು. ಅಮ್ಮ ಎದ್ದು ಹೋಗಿ ವಾರ್ಡಿನ ಬಾಗಿಲು ಹಾಕಿದಳು. ಅಪ್ಪ ಅದರ ಕೆಳಗೇ ಮತ್ತೆ ಬರೆದರು, ಬಾಗಿಲು. ನಾನು ಹೋಗಿ ತೆರೆದೆ. ಮತ್ತೆ ಬಾಗಿಲು. ಹಾಕಿದರೂ ಬಾಗಿಲು, ತೆಗೆದರೂ ಬಾಗಿಲು. ಮಿದುಳಿಗೆ ಪೆಟ್ಟು ಬಿದ್ದಾಗ ಒಂದೇ ಪದ ಹೀಗೆ ಸಿಕ್ಕಿಕೊಳ್ಳುವುದುಂಟು ಎಂದರು ಡಾಕ್ಟರು. ಆ ವಾರ ದಾಟುವ ಮೊದಲೇ ಅಪ್ಪ ಹೋದರು. ಪ್ಯಾಡಿನ ಹಾಳೆಗಳು ವಾರ್ಡಿನ ಕಸದ ಜೊತೆ ಹೋದವು.

ನಾನು ಸುಮ್ಮನಿರುತ್ತೇನೆಯೇ? ಯಾವ ಬಾಗಿಲು ಎಂದು ತಲೆಗೆ ಹುಳ ಬಿಟ್ಟುಕೊಂಡೆ. ಮತ್ತಿಗಿರಿಯ ನಮ್ಮ ಮನೆಯಲ್ಲಿ ಬಾಗಿಲು ಎಂದರೆ ಒಂದೇ, ಅಪ್ಪ ಬರೆಯುತ್ತಿದ್ದ ಕೋಣೆಯದು. ಒಳಗೆ ಹೋಗುವಾಗ "ಬಾಗ್ಲಾಕಮ್ಮಾ" ಎಂದು ಅಮ್ಮನಿಗೆ ಹೇಳಿ, ಅವಳು ಎಳೆದ ಮೇಲೆ ಒಳಗಿಂದ ಚಿಲಕವನ್ನೂ ಹಾಕಿಕೊಳ್ಳುವರು. ಕಾಫಿ ಕೊಡಲೂ ಬಡಿಯುವಂತಿರಲಿಲ್ಲ. ಹೊರಗೆ ಬರುವುದು ಪ್ರೆಸ್ಸಿಗೆ ಹೋಗುವ ಅಂದವಾದ ಪ್ರತಿ ಮಾತ್ರ, ಒಂದು ಚಿತ್ತುಕಾಟೂ ಇಲ್ಲದ್ದು. ಅದಕ್ಕೆ ಮುಂಚಿನ ಕರಡು ಹೇಗಿರುತ್ತದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಆ ಕೋಣೆಗೆ ಬಿಡುತ್ತಿದ್ದದ್ದು ಒಬ್ಬರನ್ನೇ. ಜವಳಗಿರಿಯಿಂದ ಬರುತ್ತಿದ್ದ ಒಬ್ಬ ಟೀಚರಮ್ಮ. ಅವರೇಕಾಯಿ ಕಾಲದಲ್ಲಿ ಚೀಲ ಹೊತ್ತು ಬರುವರು, ಚೀಲ ಅಮ್ಮನ ಮುಂದಿಟ್ಟು ನೇರ ಕೋಣೆಗೆ ಹೋಗುವರು. ಒಳಗಿಂದ ತಮಿಳು ಮಾತು, ನಗು ಕೇಳಿಸುತ್ತಿತ್ತು. ನಮ್ಮ ಜೊತೆ ಅಪ್ಪ ತಮಿಳು ಆಡಿದವರೇ ಅಲ್ಲ. ಕರೆಂಟು ಆಫೀಸಿನವನು ತಮಿಳಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರ. ಆಕೆಯ ಜೊತೆ ಮಾತ್ರ ತಮಿಳು, ಅದೂ ನಗುನಗುತ್ತಾ. ಹೊರಗೆ ಅವರೇಕಾಯಿ ಸುಲಿಯುತ್ತಾ ಕೂತ ನನಗೆ ಮೈಯೆಲ್ಲ ಕಿವಿ. ಅಮ್ಮನ ಮುಖ ನೋಡಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ. ಏನೂ ಇಲ್ಲದ ಮುಖದ ಮೇಲೆ ನನಗೆ ಇನ್ನೂ ಹೆಚ್ಚು ಗುಮಾನಿ.

ತಿಥಿ ಮುಗಿದ ಮೇಲೆ ಆ ಕೋಣೆಯ ಬೀರು ತೆಗೆಸಿದೆ. ಉತ್ತರಪತ್ರಿಕೆಗಳ ಹಾಗೆ ಮೂಲೆಗೆ ತೂತು ಮಾಡಿ ದಾರ ಪೋಣಿಸಿದ ಕಟ್ಟುಗಳು, ಪ್ರತಿ ಅಧ್ಯಾಯಕ್ಕೆ ಒಂದು. ಅಷ್ಟರಲ್ಲಿ ಬೆಂಗಳೂರಿನ ಒಂದು ಸಂಗ್ರಹಾಲಯದವರು ಅಪ್ಪನ ಕಾಗದಪತ್ರಗಳನ್ನು ಕೇಳಿದ್ದರು. ನಾನು ಮೇಲಿನ ಕಟ್ಟನ್ನಷ್ಟೇ ಬಿಚ್ಚಿ ನೋಡಿದೆ, ಅಂದವಾದ ಪ್ರತಿ, ಸರಿ ಅಂದುಕೊಂಡೆ. ಅಮ್ಮ ಬೇಡ ಬೇಡ ಎಂದಳು. ಯಾಕೆ ಎಂದರೆ ಹೇಳಲಿಲ್ಲ. ಬೇಡ ಎಂದದ್ದಕ್ಕೇ ನನಗೆ ಹಟ ಬಂತು.

ಬಂದವನು ಒಬ್ಬ ಯುವ ಸಂಶೋಧಕ. ನಡುಮನೆಯಲ್ಲಿ ಚಾಪೆ ಹಾಕಿ ಕೂತು ಒಂದೊಂದೇ ಹಾಳೆಯ ಫೋಟೊ ತೆಗೆಯುತ್ತಾ ಹೋದ. ಬಹಳ ವಿನಯ. ಅಷ್ಟು ವಿನಯ ಯಾಕೆ ಎಂದು ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅವನು ತಲೆಯೆತ್ತಿ, "ಮೇಡಂ, ಇದು ಸರ್ ಕೈಬರಹ ಅಲ್ಲ ಅನ್ಸುತ್ತೆ" ಎಂದ.

ಕೈಗೆ ತೆಗೆದುಕೊಂಡು ನೋಡಿದೆ. ಅವರ ಹೆಸರಾಂತ ಕಾದಂಬರಿಯ ಮೊದಲ ಅಧ್ಯಾಯವೇ. ಕತೆ ಅದೇ, ಮಾತುಗಳು ಅವೇ. ಅಕ್ಷರ ಮಾತ್ರ ಮೂರನೇ ಕ್ಲಾಸಿನ ಮಗುವಿನದು. ವಕ್ರವಕ್ರವಾಗಿ, ಗೆರೆ ದಾಟಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿತ್ತು. ತಪ್ಪುಗಳಂತೂ ಹೇಳತೀರದು. 'ಅಜ್ಜಿ ದನ ಹೊಡೆದುಕೊಂಡು ಕಾಡಿಗೆ ಹೋದಳು' ಎಂಬುದು 'ಅಚ್ಚಿ ತನ ಹೊಟೆತುಕೊಂಟು ಕಾಟಿಕೆ ಹೋತಳು' ಎಂದಿತ್ತು. 'ಬೇಡ' ಎಂದು ಹೇಳಬೇಕಾದವನು 'ಪೇಟ' ಎಂದು ಹೇಳಿದ್ದ. ಅದರ ಮೇಲೆ ಕೆಂಪು ಶಾಯಿಯಲ್ಲಿ ತಿದ್ದು. ಆ ಕೆಂಪು ಅಕ್ಷರ ಮಾತ್ರ ಅಪ್ಪನದೇ, ಮುತ್ತು ಪೋಣಿಸಿದ ಹಾಗೆ. ಕೊನೆಯಲ್ಲಿ ಹತ್ತಕ್ಕೆ ನಾಲ್ಕು ಅಂಕ, ಪಕ್ಕದಲ್ಲಿ 'ತಿದ್ದಿ ಬರೆ'.

ಇಂಥ ತಪ್ಪು ಎಲ್ಲಿಂದ ಬರುತ್ತದೆ ಎಂದು ನಮ್ಮ ಕಡೆಯ ಯಾವ ಟೀಚರನ್ನು ಕೇಳಿದರೂ ಹೇಳುತ್ತಾರೆ. ತಮಿಳಿನಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ, ಕ ಮತ್ತು ಗ ಎರಡಕ್ಕೂ ಒಂದೇ; ಚ-ಜ, ಟ-ಡ, ತ-ದಗಳೂ ಹಾಗೆಯೇ. ಮೊದಲು ತಮಿಳು ಕಲಿತು ಆಮೇಲೆ ಕನ್ನಡಕ್ಕೆ ಬಂದ ಮಕ್ಕಳು ಬಾಯಲ್ಲಿ ಸರಿಯಾಗಿ ನುಡಿದರೂ ಕೈಯಲ್ಲಿ ತಪ್ಪುತ್ತಾರೆ. ಯಾರೋ ತಮಿಳು ಶಾಲೆಯಲ್ಲಿ ಓದಿದವರು ಈ ಕಾದಂಬರಿ ಬರೆದಿದ್ದರು. ಅಪ್ಪ ತಿದ್ದಿದ್ದರು.

ಸಂಶೋಧಕನ ಕಣ್ಣು ಹೊಳೆಯುತ್ತಿತ್ತು. "ಪಟ್ಟಿಯಲ್ಲಿ ಹೀಗೆ ಹಾಕಬೇಕಾಗುತ್ತೆ ಮೇಡಂ. ಮೂಲ ಬರಹ, ಅಪರಿಚಿತ ಕೈ. ತಿದ್ದುಪಡಿ, ಲೇಖಕರದು. ನೀವು ಬೇಜಾರು ಮಾಡ್ಕೋಬೇಡಿ, ನಾವು ಇದ್ದದ್ದನ್ನ ಇದ್ದ ಹಾಗೆ ಹಾಕ್ತೀವಿ."

ಇದ್ದದ್ದನ್ನು ಇದ್ದ ಹಾಗೆ! ಆ ಒಂದು ಸಾಲು ಹೊರಗೆ ಹೋದರೆ ಅಪ್ಪ ಬೇರೊಬ್ಬರ ಕತೆ ಕದ್ದು ತಮ್ಮ ಹೆಸರು ಹಾಕಿಕೊಂಡರು ಎಂದೇ ಎಲ್ಲರೂ ಓದುತ್ತಾರೆ. ಈ ಹುಡುಗ ಆಗಲೇ ಮನಸ್ಸಿನಲ್ಲಿ ಲೇಖನ ಬರೆಯುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಒಂದು ವಾರ ಕಾಯಿ, ನಾನೇ ವಿಚಾರಿಸಿ ಹೇಳುತ್ತೇನೆ ಎಂದು ಕಟ್ಟುಗಳನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿಬಿಟ್ಟೆ.

ಆದರೆ ನನ್ನೊಳಗಿನ ಹುಳಕ್ಕೆ ಬೀಗ ಎಲ್ಲಿದೆ? ನಿಜ ಹೇಳಬೇಕೆಂದರೆ ನನಗೆ ಅವನಿಗಿಂತ ಮೊದಲೇ ಒಂದು ಹೆಸರು ಹೊಳೆದಿತ್ತು. ತಮಿಳು, ನಗು, ಮುಚ್ಚಿದ ಬಾಗಿಲು, ಅವರೇಕಾಯಿ ಚೀಲ. ಚೀಲದ ತಳದಲ್ಲಿ ಏನಿತ್ತು ಎಂದು ಯಾರು ನೋಡಿದ್ದರು? ಅಮ್ಮನನ್ನು ಕೇಳಿದೆ. "ಸತ್ತೋರ ಕಾಗ್ದ ಕೆದುಕ್ಬಾರ್ದು. ನೀರೊಲೆಗಾಕು, ಬಿಸ್ನೀರಾದ್ರೂ ಕಾಯ್ತದೆ" ಎಂದು ಎದ್ದು ಹೋದಳು. ಅಮ್ಮನಿಗೂ ಗೊತ್ತಿದೆ ಎಂದುಕೊಂಡೆ. ಅಪ್ಪನ ಮೇಲೆ ಅಸಹ್ಯ ಹುಟ್ಟಿತು, ಹುಟ್ಟಿದ್ದಕ್ಕೆ ಅಳುವೂ ಬಂತು.

ಭಾನುವಾರ ಬಸ್ಸು ಹತ್ತಿ ಜವಳಗಿರಿಗೆ ಹೋದೆ. ತಳಿ ಊರು ದಾಟಿದ ಮೇಲೆ ರಸ್ತೆಗೆ ಆನೆ ಇಳಿದಿದೆ ಎಂದು ಬಸ್ಸನ್ನು ತುಂಬ ಹೊತ್ತು ನಿಲ್ಲಿಸಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾರ್ ಮನೆಗೆ ಓಯ್ತಿದೀಯಮ್ಮ?" ಎಂದಳು. ಇವಳಿಗೇಕೆ ಎಂದು ಸುಳ್ಳು ಹೇಳಿದೆ. ಇಳಿದ ಮೇಲೆ ಅವಳನ್ನೇ ದಾರಿ ಕೇಳಬೇಕಾಯಿತು.

ಟೀಚರಮ್ಮನಿಗೆ ಅಪ್ಪನದೇ ವಯಸ್ಸು. ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿದರು, ಅತ್ತರು, ಮಜ್ಜಿಗೆ ಕೊಟ್ಟರು. ನಾನು ಬಂದ ಕೆಲಸ ಮರೆಯಲಿಲ್ಲ. ಮಜ್ಜಿಗೆ ಕುಡಿದು ಲೋಟ ಇಡುತ್ತಾ, ಮೆಲ್ಲಗೆ ಡೈರಿ ಚಾಚಿ, "ನಿಮ್ಮ ಅಡ್ರೆಸ್ ಒಂಚೂರು ಕನ್ನಡದಲ್ಲಿ ಬರ್ಕೊಡಿ" ಎಂದೆ. ಒಂದು ಸಾಲು ಸಿಕ್ಕರೆ ಸಾಕಿತ್ತು, ಆ ಕೈಯನ್ನು ನಾನು ಗುರುತಿಸುತ್ತಿದ್ದೆ.

ಆಕೆ ಪೆನ್ನು ತೆಗೆದುಕೊಂಡು ದುಂಡಗೆ ತಮಿಳಿನಲ್ಲಿ ಬರೆದರು.

"ಕನ್ನಡದಲ್ಲಿ," ಎಂದೆ.

"ನಂಗೆ ಕನ್ನಡ ಮಾತಾಡಕ್ಕೆ ಬತ್ತದೆ, ಬರೆಯಕ್ಕೆಲ್ಲಿ ಬತ್ತದಮ್ಮ? ನಾನು ತಮಿಳು ಟೀಚರು. ನಂಗೂ ನಿಮ್ಮಪ್ಪಂಗೂ ಅಂಚೆಟ್ಟಿ ಸ್ಕೂಲ್ನಾಗೆ ಕಲ್ಸಿದ್ದು ಅದೊಂದೇ ಅಕ್ಷರ."

ನನಗೆ ಅರ್ಥವಾಗಲಿಲ್ಲ. ಅಪ್ಪನ ಪುಸ್ತಕಗಳ ಹಿಂದೆ ಅಚ್ಚಾದ ಪರಿಚಯದಲ್ಲಿ 'ಅಜ್ಜನ ಮುಂದೆ ಕೂತು ಮರಳಿನಲ್ಲಿ ಕನ್ನಡ ಅಕ್ಷರ ತಿದ್ದಿದವರು' ಎಂದಿದೆ. ಅದನ್ನೇ ಹೇಳಿದೆ.

ಆಕೆ ಹುಣಸೆಹಣ್ಣು ಕೆಳಗಿಟ್ಟು ನಕ್ಕರು. "ಅಜ್ಜನಾ? ಅವ್ರಜ್ಜ ಹೆಬ್ಬೆಟ್ಟು ಕಣಮ್ಮ, ದನ ಮೇಯಿಸ್ತಿದ್ದ. ಮರಳ್ನಾಗೆ ಬರ್ದಿದ್ದು ನಿಜ, ನಾನೂ ಪಕ್ಕದಲ್ಲೇ ಕುಂತು ಬರೀತಿದ್ದೆ. ತಮಿಳಕ್ಷರ. ಮನೇಲಿ ಕನ್ನಡ, ಸ್ಕೂಲ್ನಾಗೆ ತಮಿಳು. ಅವ್ನು ಕನ್ನಡ ಅಕ್ಷರ ಕಲ್ತಿದ್ದು ಹೊಸೂರಿಗೆ ಹೋದ್ಮ್ಯಾಲೆ, ಮೀಸೆ ಬಂದಿತ್ತು ಆಗ. ಅಂಗ್ಡಿ ಬೋರ್ಡು ನೋಡ್ಕೊಂಡು ಕಲ್ತ. ಯಾರ್ಗೂ ಹೇಳ್ಬ್ಯಾಡ ಅಂತ ನನ್ನತ್ರ ಆಣೆ ಹಾಕಿಸ್ಕೊಂಡಿದ್ದ. ಈಗ ಅವ್ನೇ ಇಲ್ಲ, ಆಣೆ ಇನ್ಯಾರಿಗೆ?"

ಬಸ್ಸಿನಲ್ಲಿ ಬರುವಾಗ ಅದನ್ನೂ ನಂಬಲಿಲ್ಲ. ಇಬ್ಬರು ಹಳೆಯ ಸ್ನೇಹಿತರು, ಒಬ್ಬರ ಮಾನ ಇನ್ನೊಬ್ಬರು ಉಳಿಸುತ್ತಿರಬಹುದಲ್ಲ? ಮನೆಗೆ ಬಂದವಳೇ ಬೀರು ತೆಗೆದು ಎಲ್ಲ ಕಟ್ಟುಗಳನ್ನೂ ಚಾಪೆಯ ಮೇಲೆ ಹರಡಿದೆ. ಮೊದಲ ದಿನ ಗಾಬರಿಯಲ್ಲಿ ನೋಡದೆ ಬಿಟ್ಟದ್ದು ಆಗ ಕಂಡಿತು. ಹಾಳೆಗಳ ಅಂಚು.

ಅಪ್ಪನ ಶಾಲೆಯಲ್ಲಿ ಅಂಚು ತುಂಬಿಸುವುದು ಎಂಬ ಶಿಕ್ಷೆಯಿತ್ತು. ತಪ್ಪಿದ ಪದವನ್ನು ಹೊಡೆದು ಹಾಕಿ, ಸರಿಯಾದದ್ದನ್ನು ಹಾಳೆಯ ಅಂಚಿನಲ್ಲಿ ಮೇಲಿಂದ ಕೆಳಗೆ, ಜಾಗ ಮುಗಿಯುವವರೆಗೆ ಬರೆಯಬೇಕು. ನಾನೂ ತುಂಬಿಸಿದ್ದೇನೆ. ನಮ್ಮ ಕಡೆ ಬಾಯಲ್ಲಿ ಹಾಲು ಆಲಾಗುತ್ತದೆ; ಒಮ್ಮೆ ಕೈಯಲ್ಲೂ 'ಆಲು' ಆಯಿತು. ಮೂಗು ಒರೆಸಿಕೊಳ್ಳುತ್ತಾ ಹಾಲು ಹಾಲು ಹಾಲು ಎಂದು ಬರೆದೆ. ಅಪ್ಪ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. "ಕನ್ನಡ ಮೇಷ್ಟ್ರ ಮಗಳು ಇಷ್ಟೂ ಬರೆಯೋಕೆ ಬರ್ದಿದ್ರೆ ಹೆಂಗೆ?" ಎಂದಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈ ಹಾಳೆಗಳ ಅಂಚೂ ತುಂಬಿತ್ತು. ದನ ದನ ದನ. ಕಾಡು ಕಾಡು ಕಾಡು. ಗಂಡ ಗಂಡ ಗಂಡ. ಮೇಲೆ ವಕ್ರ ಅಕ್ಷರದಲ್ಲಿ ಶುರುವಾಗಿ, ಇಳಿಯುತ್ತಾ ಇಳಿಯುತ್ತಾ ನೆಟ್ಟಗಾಗಿ, ಹಾಳೆಯ ಬುಡಕ್ಕೆ ಬರುವಾಗ ಅದು ಮುತ್ತಿನಂಥ ಅಕ್ಷರವಾಗಿತ್ತು. ಎರಡು ಕೈಯಾಗಿದ್ದರೆ ಎಲ್ಲೋ ಒಂದು ಕಡೆ ಒಂದು ನಿಂತು ಇನ್ನೊಂದು ಶುರುವಾಗಬೇಕಿತ್ತು. ನಾನು ಕನ್ನಡಕ ಒರೆಸಿ ಒರೆಸಿ ಹುಡುಕಿದೆ. ಆ ಜಾಗ ಸಿಗಲಿಲ್ಲ.

ಅಮ್ಮ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. "ಅವ್ಳು ಯೋಳ್ಬುಟ್ಲಾ?" ಎಂದಳು.

"ನೀನ್ಯಾಕೆ ಹೇಳಲಿಲ್ಲ?"

"ಏನಂತ ಯೋಳ್ಲಿ? ನಿಧಾನಕ್ಕೆ ಬರದ್ರೆ ಒಂದ್ ತಪ್ಪೂ ಬರ್ತಿರ್ಲಿಲ್ಲ ಅವ್ರಿಗೆ. ಕತೆ ಬಂದಾಗ ಕೈ ಓಡ್ತಿತ್ತು. ಓಡುದ್ರೆ ಆ ಹಳೇ ಕೈ ಬಂದ್ಬುಡ್ತಿತ್ತು. ಬರ್ಕೊಂಡು, ಆಮ್ಯಾಲೆ ಕೆಂಪು ಪೆನ್ನು ತಗೊಂಡು ತಮ್ಗೆ ತಾವೇ ಮೇಷ್ಟ್ರಾಗಿ ಕುಂತ್ಕೊಳೋರು. ನಾನೊಂದಿನ ಕಿಟ್ಕೀಲಿ ನೋಡ್ಬುಟ್ಟೆ. ಎಂಟು ದಿನ ನನ್ನ ಮುಖ ನೋಡ್ಲಿಲ್ಲ."

ನನಗೆ ಮರುಕ ಬರಬೇಕಿತ್ತು. ಬಂದದ್ದು ಕೋಪ. ಚಿಲಕ ಹಾಕಿಕೊಂಡು ಹತ್ತಕ್ಕೆ ನಾಲ್ಕು ತೆಗೆಯುತ್ತಿದ್ದ ಮನುಷ್ಯ ಹೊರಗೆ ಬಂದು ನನ್ನ ಒಂದು 'ಹ'ಕ್ಕೆ ಅಷ್ಟು ಅಳಿಸಿದರಲ್ಲ! ಒಂದು ಮಾತು, ನನಗೂ ತಪ್ಪುತ್ತಿತ್ತು ಮಗಳೇ ಎಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಷ್ಟನ್ನೂ ಅಮ್ಮನ ಮೇಲೆ ಕಾರಿಬಿಟ್ಟೆ. ಈ ಕಟ್ಟುಗಳನ್ನೆಲ್ಲ ಕೊಡುತ್ತೇನೆ, ಎರಡೂ ಕೈ ಅವರದೇ ಎಂದು ಬರೆಸುತ್ತೇನೆ ಎಂದೆ.

"ಬ್ಯಾಡ ಕಣೇ," ಎಂದಳು ಅಮ್ಮ. "ಕದ್ದ ಅನ್ಲಿ, ಅದು ಜನದ ಬಾಯಿ, ನಾಕ್ ದಿನ ಆಡ್ತಾರೆ. ಕನ್ನಡ ಮೇಷ್ಟ್ರಿಗೆ ಅಕ್ಷರ ಬತ್ತಿರ್ಲಿಲ್ಲ ಅನ್ನಿಸ್ಬ್ಯಾಡ. ಅವ್ರು ಅದುಕ್ಕೇ ಎದ್ರುತಿದ್ದಿದ್ದು."

"ಯಾರಿಗೆ ಹೆದರುತ್ತಿದ್ದರು? ಊರಿಗಾ?"

"ಊರಿಗ್ಯಾಕೆ? ನಿಂಗೆ." ಅಮ್ಮ ಚಾಪೆಯ ಮೇಲೆ ನನ್ನ ಪಕ್ಕ ಕೂತಳು. "ಸಣ್ಣೋಳಿದ್ದಾಗ್ಲೇ ಯಾರ್ ತಪ್ಪು ಎಲ್ಲಿ ಅಂತ ಹುಡುಕ್ತಿದ್ದೆ ನೀನು. ನಮ್ಮನೇಲೇ ಒಬ್ಳು ಇನ್ಸ್‌ಪೆಕ್ಟ್ರು ಅವ್ಳೆ, ಬಾಗ್ಲಾಕು ಅನ್ನೋರು. ಆಸ್ಪತ್ರೇಲಿ ಮೊದ್ಲು ಏನ್ ಬರ್ದು ಹೊಡ್ದಾಕುದ್ರು, ನೋಡುದ್ಯಾ?"

ನೋಡಿದ್ದೆ. ಪೆನ್ನು ಜಾರಿದ ಗೀಚು ಎಂದುಕೊಂಡಿದ್ದೆ.

"ಪಾಕಿಲು ಅಂತ ಬರ್ದಿದ್ರು. ನಿನ್ ಮುಖ ನೋಡುದ್ರು, ಹೊಡ್ದಾಕುದ್ರು. ನಂಗೆ ಗೊತ್ತಾಯ್ತು. ನಿನ್ ಕಣ್ಣು ಆ ಕಡೆ ತಿರುಗ್ಲಿ ಅಂತ ಎದ್ದೋಗಿ ಬಾಗ್ಲು ಹಾಕ್ದೆ."

ನನ್ನ ಮುಂದೆ ದನ ದನ ದನ ಎಂದು ಬರೆದ ಹಾಳೆ ಬಿದ್ದಿತ್ತು, ಅದನ್ನೇ ನೋಡುತ್ತಿದ್ದೆ. ಅಮ್ಮನೂ ನೋಡಿದಳು. ಆಮೇಲೆ ಅವಳು ಬೇಡ ಎನ್ನಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಕಟ್ಟುಗಳ ಕೊಳೆತ ದಾರ ಬಿಚ್ಚಿ ಹೊಸ ದಾರ ಹಾಕುತ್ತಾ ಕೂತಿದ್ದಳು.

ಸಂಶೋಧಕನಿಗೆ ಎಲ್ಲ ಹೇಳಿದೆ. ಅವನು ಶಾಂತವಾಗಿ ಕೇಳಿ, "ಆಸ್ಪತ್ರೆಯ ಆ ಹಾಳೆ ಇದೆಯಾ ಮೇಡಂ?" ಎಂದ. ಇಲ್ಲ ಎಂದೆ. ಅವನು ನನ್ನ ಮುಖ ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ನಾನು ಎಲ್ಲರನ್ನೂ ನೋಡಿದ್ದು ಹಾಗೆಯೇ. ಕೊನೆಗೆ ಪಟ್ಟಿಯಲ್ಲಿ ಹೀಗೆ ಹಾಕಿದ್ದಾರೆ: 'ಎರಡೂ ಕೈಬರಹ ಲೇಖಕರದೇ, ಮಗಳ ಹೇಳಿಕೆಯಂತೆ.' ಆ ಕೊನೆಯ ಮಾತು ನೋಡಿ ಮೊದಲು ಸಿಡುಕಿದೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹಾಕುತ್ತಿದ್ದೆ.

ಅವನು ನಂಬಲಿ ಬಿಡಲಿ, ಈಗ ನನ್ನನ್ನು ಕಾಡುವುದು ಅದಲ್ಲ. ಅಪ್ಪನಿಗೆ ಅವತ್ತು ಒಂದು ಮಾತು ಹೇಳಬೇಕಿತ್ತು. ಬಾಗಿಲು ಎಂದು ಶುರುವಾಗುವ ಮಾತು. ಬಾಗಿಲು ಹಾಕು ಎಂದಿರಬಹುದು, ತೆಗೆ ಎಂದಿರಬಹುದು, ಬಾಗಿಲಲ್ಲಿ ಯಾಕೆ ನಿಂತಿದ್ದೀಯ, ಒಳಗೆ ಬಾ ಎಂದೂ ಇರಬಹುದು. ಮೊದಲ ಪದವೇ ನನ್ನ ಕಣ್ಣೆದುರು ತಪ್ಪಿತು. ಅದನ್ನು ಹೊಡೆದು ಹಾಕಿ, ಸರಿಯಾದದ್ದನ್ನು ಮೇಲಿಂದ ಕೆಳಗೆ, ಕೈ ಸೋಲುವವರೆಗೆ ಬರೆದು ಅವರು ಅಂಚು ತುಂಬಿಸಿದರು. ಮುಂದಿನ ಪದಕ್ಕೆ ಬರಲೇ ಇಲ್ಲ.